ಲಾವಣ್ಯ–ಶೀಲವಂತರ ಕಥೆ: ಪ್ರೇಮ ಮುಂದೆ ಬಂದು ಅಪ್ಪಂದಿರು ಹಿಂದೆ ಸರಿದರಾ?

ಬಾಗೇವಾಡಿ ಓದುಗ

ಈ ತಿಂಗಳ ಓದಿಗೆ ಇಟ್ಟುಕೊಂಡಿದ್ದ, ಹನ್ನೆರಡನೇ ಶತಮಾನದ ಬಸವಣ್ಣನವರ ಕಲ್ಯಾಣದ ಕಾದಂಬರಿಯನ್ನು ಎಲ್ಲರೂ ಮುಗಿಸಿರಬೇಕು ಅಂದುಕೊಂಡು ಶುರು ಮಾಡುತ್ತಿದ್ದೇನೆ. ಮುಗಿಸದವರು ಸ್ವಲ್ಪ ತಡೆದು ಬನ್ನಿ. ಬಾಗೇವಾಡಿ, ಕೂಡಲಸಂಗಮದ ಕಡೆಯವರಿಗೆ ಈ ಕಥೆಯ ಕೊನೆ ಯಾರೂ ಹೇಳಬೇಕಾಗಿಲ್ಲ, ಆದರೂ ಕಾದಂಬರಿ ಅಂದಮೇಲೆ ದಾರಿ ಬೇರೆ ಇರುತ್ತದೆ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಪೇಟೆಯ ವರ್ಣನೆ ಬಹಳ ಚೆನ್ನಾಗಿದೆ. ಭಾಷೆ ಎಲ್ಲೂ ತೊಡಕಿಲ್ಲ. ಮಧುವರಸ ಒಬ್ಬನೇ ಕೂತು ಯೋಚಿಸುವ ಅಧ್ಯಾಯವನ್ನು ನಾನು ಎರಡು ಸಲ ಓದಿದೆ.

ಈಗ ನನ್ನ ತಕರಾರು. ಲೇಖಕರು ಮಧುವರಸನ ಮಗಳು ಲಾವಣ್ಯ ಮತ್ತು ಹರಳಯ್ಯನ ಮಗ ಶೀಲವಂತರನ್ನು ಕದ್ದು ಭೇಟಿಯಾಗುವ ಪ್ರೇಮಿಗಳನ್ನಾಗಿ ಮಾಡಿದ್ದಾರೆ. ಕೆರೆಯ ದಂಡೆ, ಕತ್ತಲು, ಸುಳ್ಳು ನೆಪ, ಅಪ್ಪಂದಿರ ಸಿಟ್ಟು. ಮುಕ್ಕಾಲು ಪುಸ್ತಕ ಇದೇ. ಕೊನೆಗೆ ಅಪ್ಪಂದಿರು ಸೋತು ಒಪ್ಪುತ್ತಾರೆ, ಮದುವೆ ಆಗುತ್ತದೆ, ಕಲ್ಯಾಣದ ಅರಸ ಬಿಜ್ಜಳ ಶಿಕ್ಷೆ ಕೊಡುತ್ತಾನೆ. ಆದರೆ ನಮ್ಮ ಕಡೆ ಹಿರಿಯರು ಹೇಳಿಕೊಂಡು ಬಂದ ಕಥೆ ಇದಲ್ಲ. ಹುಟ್ಟಿನಿಂದ ಬ್ರಾಹ್ಮಣನಾಗಿದ್ದ ಮಧುವರಸ, ಬಿಜ್ಜಳನ ಮಂತ್ರಿಯಾಗಿದ್ದವನು, ತಾನಾಗಿಯೇ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ. ಇಬ್ಬರೂ ಶರಣರು, ಇಬ್ಬರ ಕೊರಳಲ್ಲೂ ಲಿಂಗ. ಮದುವೆ ನಡೆದದ್ದು ಕತ್ತಲಲ್ಲಿ ಅಲ್ಲ, ಶರಣರೆಲ್ಲರ ಮುಂದೆ.

ಹುಡುಗ ಹುಡುಗಿ ಓಡಿಹೋದರೆ ಊರು ಸ್ವಲ್ಪ ದಿನ ಬೈದು ಸುಮ್ಮನಾಗುತ್ತದೆ. ಅರಸನಿಗೂ ಅದರಿಂದ ಭಯವಿಲ್ಲ. ಅಪ್ಪನೇ ಎದ್ದು ನಿಂತು, ಹಗಲು ಹೊತ್ತಿನಲ್ಲಿ, ಹತ್ತು ಮಂದಿಯ ಎದುರು ಮಗಳ ಕೈ ಹಿಡಿದು ಕೊಟ್ಟರೆ? ಇನ್ನೊಬ್ಬ ಅಪ್ಪನೂ ನಾಳೆ ಹಾಗೇ ಮಾಡಬಹುದು. ಕಲ್ಯಾಣ ಅಲ್ಲಾಡಿದ್ದು ಅದಕ್ಕೇ. ಅಷ್ಟೇ ಅಲ್ಲ, ಪ್ರೇಮವೇ ತಪ್ಪಾಗಿದ್ದರೆ ಶಿಕ್ಷೆ ಆ ಎಳೆಯರಿಗೆ ಮುಗಿಯಬೇಕಿತ್ತು. ಎಲ್ಲರ ನೆನಪಿನಲ್ಲೂ ಶಿಕ್ಷೆ ಬಿದ್ದದ್ದು ಹರಳಯ್ಯ ಮಧುವರಸರ ಮೇಲೆ. ಯಾಕೆ ಅಂತ ಲೇಖಕರು ಒಂದು ಕ್ಷಣ ಯೋಚಿಸಬೇಕಿತ್ತು ಅಲ್ವಾ?

ನಿಮ್ಮ ಅಭಿಪ್ರಾಯ ಬರೆಯಿರಿ.

ಬೆಳಗಾವಿ ಹುಡುಗಿ

ಅಣ್ಣಾ, ನಾನು ಒಪ್ಪುವುದಿಲ್ಲ. ನನಗೆ ಈ ಕಾದಂಬರಿ ಇಷ್ಟವಾದದ್ದೇ ನೀವು ತಕರಾರು ಮಾಡಿದ ಜಾಗಕ್ಕೆ.

ನಾವು ಚಿಕ್ಕಂದಿನಿಂದ ಕೇಳಿದ ಕಥೆಯಲ್ಲಿ ಲಾವಣ್ಯ ಒಂದಾದರೂ ಮಾತು ಆಡುತ್ತಾಳಾ? ಹರಳಯ್ಯ ಮಾತಾಡುತ್ತಾನೆ, ಮಧುವರಸ ಮಾತಾಡುತ್ತಾನೆ, ಬಸವಣ್ಣ ಮಾತಾಡುತ್ತಾರೆ, ಬಿಜ್ಜಳ ಕೂಗಾಡುತ್ತಾನೆ. ಮದುವೆ ಆದವಳು ಮಾತ್ರ ಸುಮ್ಮನೆ ತಲೆ ಬಗ್ಗಿಸಿ ನಿಂತಿರುತ್ತಾಳೆ. ಅವಳ ಹೆಸರೂ ಗಟ್ಟಿಯಿಲ್ಲ, ಒಬ್ಬರು ಲಾವಣ್ಯ ಅಂತಾರೆ, ಇನ್ನೊಬ್ಬರು ಕಲಾವತಿ ಅಂತಾರೆ. ಇಬ್ಬರು ಗಂಡಸರು ಸೇರಿ ಒಂದು ದೊಡ್ಡ ತತ್ವಕ್ಕಾಗಿ ಅವಳನ್ನು ಕೊಟ್ಟರು, ತಗೊಂಡರು. ತತ್ವ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಅವಳಿಗೆ ಆ ಹುಡುಗ ಬೇಕಿತ್ತಾ ಅಂತ ಇಷ್ಟು ನೂರು ವರ್ಷದಲ್ಲಿ ಕೇಳಿದವರು ಕಡಿಮೆ. ಈ ಲೇಖಕರು ಕೇಳಿದ್ದಾರೆ. ಕೆರೆಯ ದಂಡೆಯ ದೃಶ್ಯ ಸಿನಿಮಾ ಥರ ಇದೆ, ಒಪ್ಪುತ್ತೇನೆ. ಆದರೂ ಅಲ್ಲಿ ಅವಳು ಮೊದಲ ಸಲ ಒಬ್ಬ ಮನುಷ್ಯಳಾಗಿ ಕಾಣುತ್ತಾಳೆ.

ಅಕ್ಕಮಹಾದೇವಿ ಅರಮನೆ ಬಿಟ್ಟು ನಡೆದುಕೊಂಡು ಬಂದ ಊರು ಕಲ್ಯಾಣ. ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವ ಇವರೆಲ್ಲ ಬಾಯಿ ಬಿಟ್ಟು ಮಾತಾಡಿದ ಕಾಲ. ಅಂಥ ಕಾಲದ ಹುಡುಗಿಗೆ ಒಂದು ಆಸೆ ಇತ್ತು ಅಂದರೆ ಕಥೆ ಸಣ್ಣದಾಗುತ್ತದೆ ಅಂತ ಯಾಕೆ ಅನ್ನುತ್ತೀರಿ?

ಹುನಗುಂದ ಮಾಸ್ತರ

ಇಬ್ಬರ ಮಾತೂ ಓದಿದೆ. ನಿವೃತ್ತಿಯಾದ ಮೇಲೆ ಇಂಥ ಪುಸ್ತಕ ಓದಲು ಸಮಯ ಜಾಸ್ತಿ ಸಿಕ್ಕಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇದರಲ್ಲಿ ದಾಖಲೆ ಎಷ್ಟು, ಜನರ ಬಾಯಿ ಎಷ್ಟು ಅಂತ ಮೊದಲು ಬೇರೆ ಮಾಡಿಕೊಳ್ಳೋಣ. ಬಿಜ್ಜಳ ಸತ್ತದ್ದು 1167ರ ಸುಮಾರಿಗೆ. ಭೀಮಕವಿ ಕನ್ನಡದಲ್ಲಿ ಬಸವಪುರಾಣ ಬರೆದದ್ದು 1369ರಲ್ಲಿ, ಅದೂ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಇಟ್ಟುಕೊಂಡು. ನಡುವೆ 200 ವರ್ಷ. ಆ ಪುರಾಣದ ಹಾದಿಯಲ್ಲಿ ಬಿಜ್ಜಳ ಈ ಇಬ್ಬರು ಶರಣರ ಕಣ್ಣು ಕೀಳಿಸಿದ ಅಂತ ಬರುತ್ತದೆ. ಆನೆಯ ಕಾಲಿಗೆ ಕಟ್ಟಿ ಊರೆಲ್ಲ ಎಳೆಸಿದ ಎಳೆಹೂಟೆಯ ಕಥೆ ನಾವೆಲ್ಲ ಮಠದಲ್ಲಿ, ಪುರಾಣ ಹೇಳುವವರ ಬಾಯಲ್ಲಿ ಕೇಳಿದ್ದು. ಮದುವೆಯ ಕಥೆಯೂ ಹೀಗೇ ಬೆಳೆಯುತ್ತ ಬಂದದ್ದು. ಆದ್ದರಿಂದ "ನಿಜ ನಡೆದದ್ದು ಇದೇ" ಅಂತ ಯಾರೂ ಮೇಜು ಕುಟ್ಟಿ ಹೇಳುವ ಹಾಗಿಲ್ಲ. ಕಾದಂಬರಿಕಾರನಿಗೆ ಇಲ್ಲಿ ಬಹಳ ಜಾಗ ಇದೆ, ಆ ಜಾಗ ಬಳಸಿಕೊಂಡದ್ದಕ್ಕೆ ನಾನು ಬೈಯುವುದಿಲ್ಲ.

ನಾನು ಬೈಯುವುದು ಗೊತ್ತಿರುವ ವಿಷಯವನ್ನೂ ನೋಡದೆ ಬರೆದದ್ದಕ್ಕೆ. ಹರಳಯ್ಯನ ಮನೆಯ ಊಟದಲ್ಲಿ ಜೋಳದ ರೊಟ್ಟಿ ಇದೆ, ಸರಿ. ಅದರ ಜೊತೆ ಕೆಂಪು ಖಾರ ಮತ್ತು ಶೇಂಗಾ ಹಿಂಡಿ ಇಟ್ಟಿದ್ದಾರೆ! ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಈ ಕಡೆ ಬಂದ ಮೇಲೆ ನಮಗೆ ಸಿಕ್ಕವು. ಬಸವಣ್ಣನವರ ಕಾಲದಲ್ಲಿ ಖಾರ ಬೇಕಿದ್ದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹಿಂಡಿ ಬೇಕಿದ್ದರೆ ಎಳ್ಳಿನದು, ಅಗಸಿಯದು ಬರೆಯಬಹುದಿತ್ತು. ಚಿಕ್ಕ ವಿಷಯ ಅಂತ ನಿಮಗೆ ಅನ್ನಿಸಬಹುದು. ನನಗೆ ಆ ಪುಟದಲ್ಲಿ ಕಲ್ಯಾಣ ಮಾಯವಾಗಿ ನಮ್ಮ ಇಳಕಲ್ಲಿನ ಖಾನಾವಳಿ ಕಂಡಿತು. ಓದುಗನ ನಂಬಿಕೆ ಒಂದು ಸಲ ಮುರಿದರೆ ಮುಂದೆ ಪ್ರೇಮಪತ್ರ ಎಷ್ಟು ಚೆನ್ನಾಗಿ ಬರೆದರೂ ಎದೆಗೆ ಇಳಿಯುವುದಿಲ್ಲ.

ಬೆಳಗಾವಿ ತಂಗಿಗೆ ಒಂದು ಮಾತು. ನಿನ್ನ ಪ್ರಶ್ನೆ ಸರಿಯಾದ ಪ್ರಶ್ನೆ. ನಮ್ಮ ಪುರಾಣಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ವಿಜಯಪುರ ವಕೀಲ

ಶೇಂಗಾ ವಿಷಯ ನನಗೆ ಹೊಳೆದಿರಲಿಲ್ಲ ಮಾಸ್ತರೇ, ಚೆನ್ನಾಗಿ ಹಿಡಿದಿರಿ.

ನನ್ನ ತಕರಾರು ಬಿಜ್ಜಳನ ಬಗ್ಗೆ. ಮೀಸೆ ತಿರುವುವ, ಅಟ್ಟಹಾಸ ಮಾಡುವ ಖಳನಾಯಕನನ್ನು ಮಾಡಿಬಿಟ್ಟಿದ್ದಾರೆ. ಹಾಗೆ ಮಾಡಿದರೆ ತೀರ್ಪು ಯಾಕೆ ಬಂತು ಅನ್ನುವುದೇ ತಿಳಿಯುವುದಿಲ್ಲ. ಬಿಜ್ಜಳ ಕಲಚುರಿ ಮನೆತನದವನು. ನಮ್ಮ ಜಿಲ್ಲೆಯ ಕಡೆಯ ತರ್ದವಾಡಿ ನಾಡಿನ ಮಹಾಮಂಡಲೇಶ್ವರನಾಗಿದ್ದವನು, ಮಂಗಳವೇಢೆಯಲ್ಲಿ ಕೂತು ಚಾಲುಕ್ಯರ ಕೈಕೆಳಗೆ ಆಳುತ್ತಿದ್ದವನು. ಚಾಲುಕ್ಯ ಮೂರನೇ ತೈಲಪ ದುರ್ಬಲನಾದಾಗ ಕಲ್ಯಾಣವನ್ನೇ ತಗೊಂಡ. ಅಂದರೆ ಆ ಸಿಂಹಾಸನ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ಅಂಥ ಅರಸನಿಗೆ ಸುತ್ತಲಿನ ಸಾಮಂತರು, ಅಗ್ರಹಾರದವರು, ಸಾಂಪ್ರದಾಯಿಕರು ಎಲ್ಲರ ಬೆಂಬಲ ಬೇಕು. ಒಂದು ಕಡೆ ಅವನ ಭಂಡಾರವನ್ನು ನೋಡಿಕೊಳ್ಳುವವರೇ ಬಸವಣ್ಣ, ಇನ್ನೊಂದು ಕಡೆ "ಕುಲಗೆಟ್ಟಿತು" ಅಂತ ಬಾಗಿಲಲ್ಲಿ ನಿಂತವರು. ಈ ಇಕ್ಕಟ್ಟನ್ನು ಬರೆದಿದ್ದರೆ ಬಿಜ್ಜಳ ಎಷ್ಟು ದೊಡ್ಡ ಪಾತ್ರ ಆಗುತ್ತಿದ್ದ! ಆಮೇಲೆ ಶರಣರ ಕಡೆಯ ಜಗದೇವ, ಮಲ್ಲಿಬೊಮ್ಮರು ಅವನನ್ನು ಕೊಂದರು ಅನ್ನುವ ಕಥೆಗೂ ತೂಕ ಬರುತ್ತಿತ್ತು.

ಬಾಗೇವಾಡಿಯವರು ಹೇಳಿದ ಮಾತನ್ನು ಕಾನೂನಿನ ಕಡೆಯಿಂದ ನೋಡಿದರೂ ಅದೇ ಕಾಣುತ್ತದೆ. ಆ ಕಾಲದ ಲೆಕ್ಕದಲ್ಲಿ ಮಗಳನ್ನು ಕೊಡುವ ಹಕ್ಕು ತಂದೆಯದು. ಹಕ್ಕು ಯಾರದೋ ಅಪರಾಧವೂ ಅವನದೇ. ಪ್ರೇಮದ ಮೇಲೆ ಶಿಕ್ಷೆ ಹಾಕಿದ್ದಲ್ಲ, ಕನ್ಯಾದಾನದ ಮೇಲೆ ಹಾಕಿದ್ದು. ಕಾದಂಬರಿ ಅದನ್ನು ಬಿಟ್ಟುಕೊಟ್ಟಿದೆ.

ಇನ್ನೊಂದು ಮಾತು, ವಿಷಯದಿಂದ ಸ್ವಲ್ಪ ಆಚೆ. ನಾವು ಇಲ್ಲಿ ಕೂತು ಹರಳಯ್ಯ, ಮಧುವರಸ ಅಂತ ಮಾತಾಡಲು ಸಾಧ್ಯವಾದದ್ದು ನಮ್ಮ ಊರಿನ ಒಬ್ಬ ವಕೀಲರಿಂದ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ತಂದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು. ಹಿತಚಿಂತಕ ಮುದ್ರಣಾಲಯಕ್ಕಾಗಿ ಸ್ವಂತ ಮನೆ ಮಾರಿದರು. ಈ ವಿಷಯದ ಮೇಲೆ ಬರೆಯುವವರು ಅವರನ್ನು ಒಮ್ಮೆಯಾದರೂ ನೆನೆಯಬೇಕು ಅಂತ ನನಗೆ ಅನ್ನಿಸುತ್ತದೆ.

ಅಥಣಿ ಚಪ್ಪಲಿ ಮನೆ

ನಾನು ಇಲ್ಲಿ ಬರೆಯುವುದು ಕಡಿಮೆ, ಓದುವುದೇ ಜಾಸ್ತಿ. ಈ ಪುಸ್ತಕದ ಬಗ್ಗೆ ಮಾತ್ರ ಬರೆಯಲೇಬೇಕು.

ನಮ್ಮದು ತಲೆತಲಾಂತರದಿಂದ ಚರ್ಮದ ಕೆಲಸ. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತು ಕರೆಯುವುದನ್ನು ಮಾಡುವವರಲ್ಲಿ ನಮ್ಮ ಅಥಣಿ, ನಿಪ್ಪಾಣಿ ಕಡೆಯವರು ಬಹಳ ಮಂದಿ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಸೇರಿದ್ದು ಅದಕ್ಕೇ.

ಈ ಕಾದಂಬರಿಯಲ್ಲಿ ಹರಳಯ್ಯನ ಕೇರಿ ಬರುವುದು ಲಾವಣ್ಯಳ ಮೂಗಿನಿಂದ. ವಾಸನೆ, ಕೊಳೆ, ನೊಣ. ಅವಳು ಮೂಗು ಮುಚ್ಚಿಕೊಂಡು ಬರುತ್ತಾಳೆ, ಪ್ರೀತಿಗಾಗಿ ಸಹಿಸುತ್ತಾಳೆ, ಓದುಗರು ಅವಳ ಪ್ರೀತಿ ಎಷ್ಟು ದೊಡ್ಡದು ಅಂತ ಮೆಚ್ಚಬೇಕು. ಓದುತ್ತ ನನಗೆ ಬಹಳ ನೋವಾಯಿತು. ಹರಳಯ್ಯ ಇಡೀ ಪುಸ್ತಕದಲ್ಲಿ ಒಂದು ಸಲವೂ ಕೆಲಸ ಮಾಡುವುದಿಲ್ಲ. ಅಳುತ್ತಾನೆ, ಕೈ ಮುಗಿಯುತ್ತಾನೆ, ಹೆದರುತ್ತಾನೆ.

ಸುಣ್ಣದ ನೀರಿನಲ್ಲಿ ತೊಗಲು ನೆನೆಹಾಕಿ ಕೂದಲು ತೆಗೆಯುವುದು, ತಂಗಡಿ ಚಕ್ಕೆ, ಅಳಲೆಕಾಯಿ ಹಾಕಿ ಹದ ಮಾಡುವುದು, ಹದ ಬಂತೋ ಇಲ್ಲವೋ ಅಂತ ಬೆರಳಲ್ಲೇ ತಿಳಿಯುವುದು, ಉಳಿ, ರಂಪಿ, ಚರ್ಮದ ಎಳೆಯಲ್ಲೇ ಹೊಲಿಗೆ, ಒಂದು ಮೊಳೆಯೂ ಇಲ್ಲ. ಇದು ವಿದ್ಯೆ. ಮನೆಯ ಹೆಂಗಸರು ಹೆಣೆಯದಿದ್ದರೆ ಚಪ್ಪಲಿ ಮುಗಿಯುವುದೇ ಇಲ್ಲ. ಮಧುವರಸ ಮಗಳನ್ನು ಕೊಟ್ಟದ್ದು ಈ ವಿದ್ಯೆ ಇದ್ದ, ಕಾಯಕದಿಂದ ತಲೆ ಎತ್ತಿ ಬದುಕುತ್ತಿದ್ದ ಮನೆಗೆ. ಪಾಪದ ಮನೆಗೆ ದಯೆ ತೋರಿಸಿದ್ದಲ್ಲ.

ಪಾದರಕ್ಷೆಯ ಕಥೆ ಎಲ್ಲರಿಗೂ ಗೊತ್ತು. ಹರಳಯ್ಯ ದಾರಿಯಲ್ಲಿ "ಶರಣು" ಅಂದ. ಬಸವಣ್ಣ "ಶರಣು ಶರಣಾರ್ಥಿ" ಅಂದರು. ಒಂದಕ್ಕೆ ಎರಡು ಬಂತಲ್ಲ, ಈ ಋಣ ಹೇಗೆ ತೀರಿಸಲಿ ಅಂತ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಚಪ್ಪಲಿ ಮಾಡಿದರು. ನಮ್ಮ ಮನೆಗಳಲ್ಲಿ ಇದನ್ನು ಬರೀ ಭಕ್ತಿಯ ಕಥೆಯಾಗಿ ಹೇಳುವುದಿಲ್ಲ. ಒಬ್ಬ ದೊಡ್ಡ ಮನುಷ್ಯ ಸಮ ಅಂತ ಕಂಡಾಗ ಸಾಮಾನ್ಯ ಮನುಷ್ಯನ ಎದೆಯಲ್ಲಿ ಏನಾಗುತ್ತದೆ ಅನ್ನುವ ಕಥೆ ಅದು. ಕಲ್ಯಾಣಮ್ಮನ ತೊಡೆಯೂ ಅಷ್ಟೇ ಸುಲಿಯಿತು. ಕಾದಂಬರಿ ಇದನ್ನು ಎರಡು ಪುಟದಲ್ಲಿ ಮುಗಿಸಿ ಮತ್ತೆ ಕೆರೆಯ ದಂಡೆಗೆ ಓಡುತ್ತದೆ.

ತಂಗಡಗಿ ಅಕ್ಕ

ಅಥಣಿ ತಮ್ಮಾ, ನಿನ್ನ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಇದನ್ನು ಲೇಖಕರಿಗೆ ಕಳಿಸಬೇಕು.

ನನ್ನದು ಕೊನೆಯ ಭಾಗದ ಬಗ್ಗೆ. ಶಿಕ್ಷೆ ಆದ ಮೇಲೆ ಇಡೀ ಒಂದು ಭಾಗ ಬರೀ ಅಳು. ಆಮೇಲೆ ಪುಸ್ತಕ ಮುಗಿಯುತ್ತದೆ. ಅಲ್ಲ, ಕಥೆ ಅಲ್ಲಿಗೆ ಮುಗಿಯುತ್ತದಾ? ನಮ್ಮ ಜಿಲ್ಲೆಗಳ ಕಥೆ ಅಲ್ಲಿಂದಲೇ ಶುರು. ಶರಣರು ಚೆಲ್ಲಾಪಿಲ್ಲಿಯಾಗಿ ಓಡಿದ್ದು ನಮ್ಮ ನೆಲದ ಮೇಲೆ. ಬಸವಣ್ಣ ಕೂಡಲಸಂಗಮಕ್ಕೆ ಬಂದರು. ಅವರ ಹೆಂಡತಿ ನೀಲಾಂಬಿಕೆಯ ಗುಡಿ ಇರುವುದು ನಮ್ಮ ತಂಗಡಗಿಯಲ್ಲಿ, ಕೃಷ್ಣೆಯ ಈ ದಂಡೆಗೆ. ಇನ್ನೊಬ್ಬ ಹೆಂಡತಿ ಗಂಗಾಂಬಿಕೆ ಐಕ್ಯಳಾದದ್ದು ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಹೊಳೆಯಲ್ಲಿ, ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ. ಡೋಹರ ಕಕ್ಕಯ್ಯ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ. ಕಾದರವಳ್ಳಿಯಲ್ಲಿ ಅರಸನ ದಂಡಿಗೂ ಶರಣರಿಗೂ ಕಾಳಗ ಆಯಿತು ಅಂತ ಆ ಕಡೆಯವರು ಹೇಳುತ್ತಾರೆ. ಚನ್ನಬಸವಣ್ಣನವರ ಜೊತೆ ಹೋದವರು ಉಳವಿಯ ಕಾಡು ಸೇರಿದರು. ವಚನದ ಕಟ್ಟುಗಳನ್ನು ಹೊತ್ತುಕೊಂಡು.

ಈ ದಾರಿಯಲ್ಲಿ ಕಲ್ಯಾಣಮ್ಮ ಎಲ್ಲಿದ್ದಳು? ಲಾವಣ್ಯಳ ತಾಯಿ ಏನಾದಳು? ಗಂಡನನ್ನು ಕಳೆದುಕೊಂಡ ಆ ಇಬ್ಬರು ಬೀಗಿತ್ತಿಯರು ಒಂದೇ ಒಲೆಯ ಮುಂದೆ ಕೂತರಾ, ಇಲ್ಲ ಒಬ್ಬರಿಗೊಬ್ಬರು ಶಾಪ ಹಾಕಿದರಾ? ನಾನು ಕಾದಂಬರಿ ಬರೆಯುವವಳಾಗಿದ್ದರೆ ಅಲ್ಲಿಂದ ಹಿಡಿಯುತ್ತಿದ್ದೆ. ಪ್ರೇಮಿಗಳ ಕಣ್ಣೀರು ಯಾರು ಬೇಕಾದರೂ ಬರೆಯುತ್ತಾರೆ.

ಜಮಖಂಡಿ ಸೊಸೆ

ನಾನು ಬಾಗೇವಾಡಿ ಅಣ್ಣನ ಪಕ್ಷ. ಕಾರಣ ಬೇರೆ.

ನಮ್ಮದು ಜಾತಿ ಮೀರಿದ ಮದುವೆ. ಕಾಲೇಜಿನಲ್ಲಿ ಪರಿಚಯ, ಆಮೇಲೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್. ಆ ಕಾಯ್ದೆಯಲ್ಲಿ ಮೊದಲು ನೋಟಿಸ್ ಕೊಡಬೇಕು, ಕಚೇರಿಯ ಬೋರ್ಡಿಗೆ ಹೆಸರು ಅಂಟಿಸುತ್ತಾರೆ, 30 ದಿನ ಕಾಯಬೇಕು. ಆ ದಿನಗಳಲ್ಲಿ ನಾವು ಹೇಗೆ ಉಸಿರು ಹಿಡಿದು ಬದುಕಿದೆವು ಅಂತ ಇಲ್ಲಿ ಬರೆಯುವುದಿಲ್ಲ. ನಮ್ಮ ಮೂರು ಜಿಲ್ಲೆಗಳ ಪೇಪರ್ ಓದುವವರಿಗೆ ಗೊತ್ತು, ಮರ್ಯಾದೆಗೇಡು ಹತ್ಯೆ ಅನ್ನುವ ಸುದ್ದಿ ಎಲ್ಲೋ ದೂರದ ಊರಿನದಲ್ಲ. ಆ ಸುದ್ದಿಗಳಲ್ಲಿ ಮತ್ತೆ ಮತ್ತೆ ಬರುವುದು ಅಪ್ಪ, ಅಣ್ಣ, ಚಿಕ್ಕಪ್ಪ.

ಹಾಗಾಗಿ ಹೇಳುತ್ತೇನೆ. ಜಾತಿ ಮೀರಿ ಪ್ರೀತಿಸುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅದಕ್ಕೆ ಕಾದಂಬರಿಯ ಧೈರ್ಯ ಬೇಕಿಲ್ಲ, ಅದು ತಾನೇ ಆಗುತ್ತದೆ. ಬಾಗಿಲಲ್ಲಿ ನಿಂತು "ಹೌದು, ನಾನೇ ಕೊಟ್ಟೆ, ಯಾರು ಕೇಳುತ್ತೀರಿ ಕೇಳಿ" ಅನ್ನುವ ಅಪ್ಪ ಇಲ್ಲ. ನನಗೆ ಸಿಗಲಿಲ್ಲ. ನಮ್ಮ ಇತಿಹಾಸದಲ್ಲಿ ಅಂಥ ಅಪ್ಪ ಒಬ್ಬನಲ್ಲ, ಇಬ್ಬರು ಇದ್ದರು. ಆ ಇಬ್ಬರನ್ನೂ ಈ ಕಾದಂಬರಿ ಮತ್ತೆ ಎಲ್ಲರ ಹಾಗೆ ಕೋಲು ಹಿಡಿದ ಅಪ್ಪಂದಿರನ್ನಾಗಿ ಮಾಡಿದೆ. ಇದನ್ನು ಓದುವ ಒಬ್ಬ ತಂದೆಗೆ ಏನು ಸಿಗುತ್ತದೆ? "ಎಲ್ಲ ಕಾಲದಲ್ಲೂ ಅಪ್ಪಂದಿರು ಹೀಗೇ, ನಾನೂ ಹೀಗೇ" ಅನ್ನುವ ಸಮಾಧಾನ. ನನಗೆ ಸಿಟ್ಟು ಬಂದದ್ದು ಇಲ್ಲಿ.

ಬೆಳಗಾವಿ ಹುಡುಗಿ

ಅಕ್ಕಾ, ನೀವು ಬರೆದದ್ದಕ್ಕೆ ಎದುರು ಹೇಳುವಷ್ಟು ಬದುಕು ನಾನು ಕಂಡಿಲ್ಲ. ಅಪ್ಪಂದಿರ ವಿಷಯದಲ್ಲಿ ನಿಮ್ಮ ಮಾತು ನನಗೆ ತಾಗಿತು. ಅಥಣಿ ಅಣ್ಣ ಬರೆದ ವಾಸನೆಯ ಪುಟವನ್ನು ಮತ್ತೆ ತೆಗೆದು ಓದಿದೆ. ಆ ಪುಟ ಹೋಗಬೇಕು, ಎರಡು ಮಾತಿಲ್ಲ.

ಆದರೆ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಕೋಲು ಹಿಡಿದ ಅಪ್ಪ ಮಗಳನ್ನು ಕೇಳುವುದಿಲ್ಲ. ತತ್ವ ಹಿಡಿದ ಅಪ್ಪ ಕೇಳುತ್ತಾನಾ? ಅದು ಕಥೆಯಲ್ಲಿ ಎಲ್ಲೂ ಇಲ್ಲ.

ಬಾಗೇವಾಡಿ ಓದುಗ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದದ್ದು ನೋಡಿ ಬಹಳ ಸಂತೋಷವಾಯಿತು.

ತಂಗಿ, ನಿನ್ನ ಪ್ರಶ್ನೆಯನ್ನೇ ಹಿಡಿದು ಹೇಳುತ್ತೇನೆ. ನನಗೆ ಬೇಕಾದ ಒಂದು ದೃಶ್ಯ ಇದೆ. ಮದುವೆಗೆ ಮೊದಲು ಒಂದು ರಾತ್ರಿ ಮಧುವರಸ ಮಗಳ ಹತ್ತಿರ ಬಂದು ಕೂರುತ್ತಾನೆ. ಊರು ಏನು ಮಾಡಬಹುದು, ಅರಸ ಏನು ಮಾಡಬಹುದು ಎಲ್ಲವನ್ನೂ ಮುಚ್ಚಿಡದೆ ಹೇಳುತ್ತಾನೆ. ಮಂತ್ರಿಯಾಗಿದ್ದವನು, ಬಿಜ್ಜಳನನ್ನು ಹತ್ತಿರದಿಂದ ಬಲ್ಲವನು, ಅವನಿಗೆ ಗೊತ್ತಿರಲೇಬೇಕು. ಆಮೇಲೆ "ನಿನಗೆ ಒಪ್ಪಿಗೆಯಾ?" ಅಂತ ಕೇಳುತ್ತಾನೆ. ಅವಳು ಬೇಡ ಅಂದರೆ ಅಲ್ಲಿಗೆ ನಿಲ್ಲಬೇಕು. ಹರಳಯ್ಯನ ಮನೆಯಲ್ಲೂ ಅದೇ ರಾತ್ರಿ ಇಂಥದ್ದೇ ಮಾತು ಆಗಬೇಕು, ಯಾಕೆಂದರೆ ಅವರು ಕಳೆದುಕೊಳ್ಳುವುದು ಮಧುವರಸನಿಗಿಂತ ಕಡಿಮೆ ಏನಲ್ಲ. ಬಡವರ ಮನೆಗೆ ಶಿಕ್ಷೆ ಯಾವತ್ತೂ ಮೊದಲು ಬರುತ್ತದೆ. ಅಲ್ಲಿ ಕಲ್ಯಾಣಮ್ಮ ಬೇಡ ಅನ್ನಲಿ, ವಾದ ಮಾಡಲಿ. ಈ ಎರಡು ರಾತ್ರಿ ಬರೆದರೆ ಕೆರೆಯ ದಂಡೆ ಬೇಕಾಗುವುದಿಲ್ಲ. ಎಲ್ಲ ಗೊತ್ತಿದ್ದೂ ಹುಡುಗಿ ಹೂಂ ಅಂದರೆ ಅದಕ್ಕಿಂತ ದೊಡ್ಡ ಪ್ರೇಮಕಥೆ ಯಾವುದಿದೆ?

ಹುನಗುಂದ ಮಾಸ್ತರ

ಇದು ಒಳ್ಳೆಯ ಮಾತು. ದಾಖಲೆ ಸುಮ್ಮನಿರುವ ಜಾಗದಲ್ಲಿ ಲೇಖಕ ಇಡಬೇಕಾದ ದೃಶ್ಯ ಇಂಥದ್ದು.

ಬೆಳಗಾವಿ ಹುಡುಗಿ

ಆ ದೃಶ್ಯ ನಾನೂ ಓದುತ್ತೇನೆ ಅಣ್ಣಾ, ಪ್ರೀತಿಯಿಂದ ಓದುತ್ತೇನೆ. ಆದರೂ ಅಪ್ಪ ಕೇಳಿದ್ದಕ್ಕೆ ಹೂಂ ಅನ್ನುವುದು ಬೇರೆ, ತಾನಾಗಿ ಬೇಕು ಅನ್ನುವುದು ಬೇರೆ. ಮಧುವರಸ ಕೇಳುವ ಮೊದಲೇ ಲಾವಣ್ಯ ಹೇಳಲಿ. ಕಾಯಕ ಮಾಡುವ ಆ ಹುಡುಗನ ಕೈ ನೋಡಿ ಅವಳೇ ಮನಸ್ಸು ಮಾಡಿರಲಿ, ವಾಸನೆ ಸಹಿಸಿಕೊಂಡು ಅಲ್ಲ, ಆ ಕೆಲಸ ಮೆಚ್ಚಿ. ಇಷ್ಟು ಆದರೆ ನನ್ನ ಜಗಳ ಮುಗಿಯಿತು.

ಅಥಣಿ ಚಪ್ಪಲಿ ಮನೆ

ತಂಗಿ ಹೇಳಿದ್ದು ನನಗೆ ಒಪ್ಪಿಗೆ. ಬರೆಯುವವರು ಯಾರಾದರೂ ಇಲ್ಲಿದ್ದರೆ ಅಥಣಿಗೆ ಬನ್ನಿ. ತೊಗಲು ಹದ ಮಾಡುವುದರಿಂದ ಹಿಡಿದು ಕೊನೆಯ ಹೊಲಿಗೆಯವರೆಗೆ ನಮ್ಮ ಮನೆಯವರೇ ಕೂತು ತೋರಿಸುತ್ತಾರೆ. ನೋಡಿದ ಮೇಲೆ ಹರಳಯ್ಯನನ್ನು ಬರೆಯಿರಿ.